ಮೊಟ್ಟೆ ಅಕ್ಕ ಕೀನ್ಯಾಕ್ಕೆ ಯಾಕೆ ಬರಲಿಲ್ಲ

ನನ್ನ ಗಂಡನ ಅಕ್ಕ ರತ್ನಕ್ಕ ನಮ್ಮ ಜೊತೆ ಕೀನ್ಯಾಕ್ಕೆ ಬರದಂತೆ ಮಾಡಿದವಳು ನಾನು. ಮೊಟ್ಟೆ ಅಲ್ಲ, ಹರಕೆ ಅಲ್ಲ, ದೇವರೂ ಅಲ್ಲ — ನಾನು.

ಈ ಪೇಜನ್ನು ಮೊದಲಿನಿಂದ ಓದುತ್ತಿರುವವರಿಗೆ ‘ಮೊಟ್ಟೆ ಅಕ್ಕ’ ನೆನಪಿರಬೇಕು. ಇಲ್ಲದವರಿಗೆ ಹೇಳಿಬಿಡುತ್ತೇನೆ. ಎರಡು ವರ್ಷದ ಹಿಂದೆ ನಾನು, ನನ್ನ ಗಂಡ ರಘು, ವೇಮಗಲ್ ಫ್ಯಾಕ್ಟರಿಯಲ್ಲಿ ಅವನ ಜೊತೆ ಕೆಲಸ ಮಾಡುವ ಗೆಳೆಯ, ಆ ಗೆಳೆಯನ ಹೆಂಡತಿ, ಮತ್ತೆ ಮಾಲೂರಿನ ನನ್ನ ಸ್ನೇಹಿತೆ ಶೈಲಜ — ಇಷ್ಟು ಜನ ಕೀನ್ಯಾದ ಸಫಾರಿಗೆ ಹೋಗಿ ಬಂದೆವು. ಕೋಲಾರದಲ್ಲಿ ಬ್ಲೌಸ್ ಹೊಲಿಯುವ ಅಂಗಡಿ ಇಟ್ಟುಕೊಂಡಿರುವ ನನ್ನಂಥ ಹೆಂಗಸು ಸಿಂಹದ ಮುಂದೆ ಕೂತು ಕಥೆ ಹೇಳಿದ್ದನ್ನು ನೀವೆಲ್ಲ ಮೆಚ್ಚಿಕೊಂಡಿರಿ. ಆದರೆ ಆ ಪೋಸ್ಟುಗಳಲ್ಲಿ ಎಲ್ಲಕ್ಕಿಂತ ಹೆಚ್ಚು ಓಡಿದ್ದು ಸಿಂಹದ್ದಲ್ಲ. ಸಫಾರಿಗೆ ಹೊರಟು ನಿಂತಿದ್ದ ಹಳ್ಳಿಯ ಅಕ್ಕ ಒಬ್ಬಳು, ಲಸಿಕೆಯಲ್ಲಿ ಮೊಟ್ಟೆ ಇದೆ ಎಂದು ಗೊತ್ತಾದ ಕೂಡಲೇ ಮನೆಯಲ್ಲೇ ಕೂತಳಂತೆ — ಆ ಪೋಸ್ಟು. ‘ಸಿಂಹಕ್ಕೆ ಹೆದರದ ಅಕ್ಕ ಮೊಟ್ಟೆಗೆ ಹೆದರಿದಳು’ ಎಂದು ಬರೆದಿದ್ದೆ. ನೀವು ಬಿದ್ದು ಬಿದ್ದು ನಕ್ಕಿರಿ. ನಗಿಸಿದ್ದು ನಾನು, ಅದರಲ್ಲಿ ನಿಮ್ಮ ತಪ್ಪೇನೂ ಇಲ್ಲ.

ಅವಳು ಹೆದರಲಿಲ್ಲ. ನಾನು ಹೆದರಿಸಿದೆ. ಅದೂ ಎಂಥ ಜಾಗದಲ್ಲಿ ಕೈ ಹಾಕಿ ಹೆದರಿಸಿದೆ ಎಂದರೆ — ಹೇಳುತ್ತೇನೆ, ಸಾಲಾಗಿ ಹೇಳುತ್ತೇನೆ.

ಮೊದಲು ಒಂದು ವಿಷಯ. ಕೀನ್ಯಾದ ಆಸೆ ನನ್ನದಲ್ಲವೇ ಅಲ್ಲ. ರತ್ನಕ್ಕನದು.

ರತ್ನಕ್ಕನಿಗೆ ಶ್ರೀನಿವಾಸಪುರದ ಹತ್ತಿರ ಮಾವಿನ ತೋಟ ಇದೆ. ಭಾವ ತೀರಿಹೋದ ಮೇಲೆ ತೋಟವನ್ನು ಅವಳೇ ನೋಡಿಕೊಳ್ಳುತ್ತಾಳೆ. ಮಧ್ಯಾಹ್ನ ಊಟ ಮುಗಿಸಿ ತೋಟದ ಮನೆಯಲ್ಲಿ ಕೂತು ಟಿವಿಯಲ್ಲಿ ಕಾಡುಪ್ರಾಣಿಗಳ ಚಾನೆಲ್ ನೋಡುವುದು ಅವಳ ಹುಚ್ಚು. ಧಾರಾವಾಹಿ ಬೇಡ, ವಾರ್ತೆ ಬೇಡ, ಅದೊಂದೇ. ಲಕ್ಷಗಟ್ಟಲೆ ವೈಲ್ಡ್‌ಬೀಸ್ಟುಗಳು ನದಿ ದಾಟುವುದನ್ನು ತೋರಿಸುತ್ತಾರಲ್ಲ, ಅದು ಬಂದರೆ ಯಾರೂ ಮಾತಾಡುವ ಹಾಗಿಲ್ಲ.

ಒಂದು ದಿನ ನಾವೆಲ್ಲ ಅಲ್ಲೇ ಇದ್ದಾಗ ಆ ನದಿ ಬಂತು. “ಮೊಕ ನೋಡಿದ್ರೆ ಎಮ್ಮೆ, ಗಡ್ಡ ನೋಡಿದ್ರೆ ಮೇಕೆ. ಯಾವ ಜಾತಿಗೆ ಸೇರಿಸ್ತೀಯೋ ಸೇರ್ಸು” ಎಂದಳು ರಘುವಿಗೆ. ಆಮೇಲೆ ದನಿ ಇಳಿಸಿ, “ನೋಡೋ, ದಡದ ಮೇಲೆ ಎಲ್ಲಾ ನಿಂತ್ಕಂಡವೆ. ಕೆಳಗೆ ಮೊಸಳೆ. ಮೊದಲನೇದು ಹಾರೋವರ್ಗೂ ಒಂದೂ ಹಾರಲ್ಲ. ಈ ಟಿವಿಯವರು ಆ ಮೊದಲನೇದನ್ನ ಸರಿಯಾಗಿ ತೋರ್ಸಲ್ಲ ಕಣೋ. ಅದನ್ನೊಂದ್ಸಲ ಕಣ್ಣಾರೆ ನೋಡ್ಬೇಕು” ಎಂದಳು.

ರಘು ತಮಾಷೆಗೆ, “ನಡಿ, ಹೋಗೋಣ” ಅಂದ. ಅವಳು ತಮಾಷೆ ಮಾಡಲಿಲ್ಲ. “ಯಾವಾಗ?” ಅಂದಳು.

ಯೋಜನೆ ಶುರುವಾದದ್ದು ಹೀಗೆ. ಅವಳಿಂದ. ನನ್ನ ಪೇಜಿನಲ್ಲಿ ‘ನನ್ನ ಬಹುದಿನದ ಕನಸು’ ಎಂದು ಬರೆದಿದ್ದೆ. ಅದೂ ಸುಳ್ಳು.

ಇನ್ನು ಹರಕೆ. ಇದನ್ನು ಬರೆಯುವಾಗಲೇ ಕೈ ತಡೆಯುತ್ತದೆ.

ರತ್ನಕ್ಕ ಹುಟ್ಟಾ ಸಸ್ಯಾಹಾರಿಯಲ್ಲ. ನಮ್ಮ ಕಡೆ ಯಾರೂ ಅಲ್ಲ. ಅವಳು ಮಾಡುವ ನಾಟಿಕೋಳಿ ಸಾರಿಗೆ ಶ್ರೀನಿವಾಸಪುರದ ಆಚೆಯಿಂದಲೂ ನೆಂಟರು ನೆವ ಹುಡುಕಿಕೊಂಡು ಬರುತ್ತಿದ್ದರು. ನನ್ನ ಮಗಳು ಮೇಘ ಚಿಕ್ಕವಳಿದ್ದಾಗ ಡೆಂಗಿ ಬಂತು. ಕೋಲಾರದ ಆಸ್ಪತ್ರೆಯಲ್ಲಿ ಮಗು ಕಣ್ಣು ಬಿಡುತ್ತಿರಲಿಲ್ಲ. ನಾನು ಕಾರಿಡಾರಿನಲ್ಲಿ ಗೋಡೆಗೆ ತಲೆ ಕೊಟ್ಟು ಕೂತಿದ್ದೆ. ರತ್ನಕ್ಕ ಸೀದಾ ಅವರೂರಿನ ಗಂಗಮ್ಮನ ಗುಡಿಗೆ ಹೋಗಿ, ಮಗು ಎದ್ದು ಕೂತರೆ ನಾನು ಇನ್ನು ಮೇಲೆ ಮಾಂಸ, ಮೊಟ್ಟೆ ಯಾವುದನ್ನೂ ಮುಟ್ಟುವುದಿಲ್ಲ ಎಂದು ಹರಕೆ ಹೊತ್ತುಬಂದಳು. ಮಗು ಎದ್ದು ಕೂತಳು. ಅವತ್ತಿನಿಂದ ಇವತ್ತಿನವರೆಗೆ ಮುಟ್ಟಿಲ್ಲ. ನಮಗೆಲ್ಲ ಈಗಲೂ ಕೋಳಿ ಸಾರು ಮಾಡಿ ಹಾಕುತ್ತಾಳೆ. ಉಪ್ಪು ಸರಿಯಾಗಿದೆಯಾ ಎಂದು ಮಾತ್ರ ನನ್ನನ್ನು ಕರೆದು ಕೇಳುತ್ತಾಳೆ. ಒಂದು ಹನಿ ನಾಲಿಗೆಗೆ ಹಾಕಿ ನೋಡುವುದಿಲ್ಲ.

ನನ್ನ ಮಗಳಿಗಾಗಿ ಹೊತ್ತ ಹರಕೆ ಅದು. ಅದನ್ನೇ ಹಿಡಿದು ನಾನು ಅವಳನ್ನು —

ಸರಿ. ಯಾಕೆ ಎಂದು ಕೇಳುತ್ತೀರಿ. ದೊಡ್ಡ ಕಾರಣ ಏನೂ ಇಲ್ಲ, ಅದೇ ನಾಚಿಕೆ. ರತ್ನಕ್ಕ ಗಟ್ಟಿಯಾಗಿ ಮಾತಾಡುತ್ತಾಳೆ. ಅರ್ಧ ಕನ್ನಡ, ಅರ್ಧ ತೆಲುಗು. ಹೋದ ಕಡೆಯೆಲ್ಲ ಹುರಿಹಿಟ್ಟು, ಉಪ್ಪಿನಕಾಯಿ ಬಿಚ್ಚಿ ಅಪರಿಚಿತರಿಗೂ ಬಡಿಸುತ್ತಾಳೆ. ಏರ್‌ಪೋರ್ಟಿನಲ್ಲಿ, ರೆಸಾರ್ಟಿನಲ್ಲಿ, ಆ ಗೆಳೆಯ ದಂಪತಿಯ ಮುಂದೆ — ನಾನು ಮನಸ್ಸಿನಲ್ಲೇ ಆ ದೃಶ್ಯಗಳನ್ನು ನೋಡಿ ಮುದುಡಿಕೊಳ್ಳುತ್ತಿದ್ದೆ. ಇನ್ನೊಂದು ಕಡೆ ಶೈಲಜ. ಚೆನ್ನಾಗಿ ವಿಡಿಯೊ ತೆಗೆಯುತ್ತಾಳೆ, ಎಡಿಟ್ ಮಾಡುತ್ತಾಳೆ. ಆಗಷ್ಟೇ ನನ್ನ ಪೇಜು ಮೇಲೇಳುತ್ತಿತ್ತು. ಜೀಪಿನಲ್ಲಿ ಕಿಟಕಿ ಪಕ್ಕದ ಸೀಟುಗಳು ಎಷ್ಟಿವೆಯೋ ಅಷ್ಟೇ ಜನ ಎಂದು ಟೂರಿನವರು ಹೇಳಿದ್ದರು. ಒಬ್ಬರು ಬಿಟ್ಟರೆ ಇನ್ನೊಬ್ಬರು. ನನಗೆ ರತ್ನಕ್ಕ ಬೇಡವಾಗಿತ್ತು, ಶೈಲಜ ಬೇಕಾಗಿತ್ತು. ಇಷ್ಟೇ.

ಮೊದಲು ಸುಲಭದ ದಾರಿ ನೋಡಿದೆ. ಮಾವಿನ ಕೊಯ್ಲಿನ ಸಮಯಕ್ಕೆ ಸರಿಯಾಗಿ ತಾರೀಕು ಬೀಳುವಂತೆ ನೋಡಿಕೊಂಡೆ. ಕೊಯ್ಲು ಬಿಟ್ಟು ಯಾವ ತೋಟದವರು ಹೊರಡುತ್ತಾರೆ? ಅವಳು ಹೊರಟಳು! ಕಾಯಿ ಇನ್ನೂ ಪಿಂದೆ, ಅಂದರೆ ಹೀಚು, ಇರುವಾಗಲೇ ಇಡೀ ತೋಟದ ಫಸಲನ್ನು ಅನ್ವರ್ ಸಾಬರಿಗೆ ಕೊಟ್ಟುಬಿಟ್ಟಳು. ಅನ್ವರ್ ಸಾಬರು ಆ ಕಡೆಯ ಹಳೆಯ ಮಾವಿನ ವ್ಯಾಪಾರಿ, ಭಾವನ ಕಾಲದಿಂದ ಗುರುತು. ಆನೆ ನೋಡಲು ಅಷ್ಟು ದೂರ ಯಾಕೆ ಎಂದು ಅವರೂ ಅವಳನ್ನು ಕಿಚಾಯಿಸಿದರಂತೆ: “ಹಾತಿ ದೇಖ್ನೆಕು ಇತ್ತಾ ದೂರ್ ಕಾಯ್ಕು ಅಮ್ಮಾ? ಮಾಲೂರ್ ಕಡೆ ರಾಗಿ ಹೊಲ್ದಾಗೆ ಬರ್ತಾವಲ್ಲ, ಪುಗಸಟ್ಟೆ ನೋಡಿ!” ಇವಳು, “ಆ ಆನೆ ನಮ್ಮನ್ನ ನೋಡಕ್ಕೆ ಬರ್ತವೆ ಸಾಬ್ರೇ. ನಾನು ಅವುನ್ನ ನೋಡಕ್ಕೆ ಹೋಯ್ತಿದ್ದೀನಿ” ಅಂದಳಂತೆ.

ಹೊಸ ಸೂಟ್‌ಕೇಸು ಕೊಂಡಳು. ಪಾಸ್‌ಪೋರ್ಟ್ ಮಾಡಿಸಿದಳು. ಫೋಟೊದಲ್ಲಿ ನಗಬಾರದು ಎಂದಿದ್ದಕ್ಕೆ ಸ್ಟುಡಿಯೊದವನ ಜೊತೆ ಜಗಳ ಆಡಿದಳು.

ಕೀನ್ಯಾಕ್ಕೆ ಹೋಗಿ ಬರುವವರು ಹಳದಿ ಜ್ವರದ ಲಸಿಕೆ ಹಾಕಿಸಿಕೊಳ್ಳಲೇಬೇಕು. ಎಲ್ಲ ಕಡೆ ಸಿಗುವುದಿಲ್ಲ, ಬೆಂಗಳೂರಿಗೇ ಹೋಗಬೇಕು. ನಾನು, ರಘು ಮೊದಲು ಹೋದೆವು. ರತ್ನಕ್ಕ ಮುಂದಿನ ವಾರ ಹೋಗುವುದೆಂದು ಮಾತಾಗಿತ್ತು. ಅಲ್ಲಿನ ಡಾಕ್ಟರಮ್ಮ ಎಲ್ಲರನ್ನೂ ಕೇಳುವ ಹಾಗೆ ನನ್ನನ್ನೂ ಕೇಳಿದರು — ಮೊಟ್ಟೆ ತಿಂದರೆ ಅಲರ್ಜಿ ಆಗುತ್ತಾ? ಯಾಕೆ ಎಂದೆ. ಈ ಲಸಿಕೆಯನ್ನು ಕೋಳಿಮೊಟ್ಟೆಯಲ್ಲಿ ಬೆಳೆಸಿ ತಯಾರು ಮಾಡುತ್ತಾರೆ ಎಂದರು.

ನನ್ನ ತಲೆಯಲ್ಲಿ ಆ ಕ್ಷಣಕ್ಕೇ ಬೆಳಕು ಹತ್ತಿತು. ಕೊಳಕು ಬೆಳಕು.

“ನಮ್ಮ ಯಜಮಾನ್ರ ಅಕ್ಕನಿಗೆ ಹರಕೆ ಇದೆ ಡಾಕ್ಟ್ರೇ, ಮೊಟ್ಟೆ ಮುಟ್ಟಲ್ಲ.”

“ಅಲರ್ಜಿ ಇಲ್ವಲ್ಲ? ಹಾಗಾದ್ರೆ ತೊಂದ್ರೆ ಇಲ್ಲ. ತಿನ್ನೋದು ಬೇರೆ, ಇದು ಬೇರೆ. ಎಷ್ಟೋ ಜನ ಕೇಳ್ತಾರೆ, ನಾನೇ ಅವರಿಗೆ ತಿಳಿಸಿ ಹೇಳ್ತೀನಿ. ಕಳ್ಸಿ ಅವರನ್ನ.”

ಇಷ್ಟು ಸ್ಪಷ್ಟವಾಗಿ ಹೇಳಿದರು. ನಾನು ಕಾರಿಡಾರಿಗೆ ಬಂದು ರತ್ನಕ್ಕನಿಗೆ ಫೋನ್ ಮಾಡಿದೆ. ಲಸಿಕೆ ಮೊಟ್ಟೆಯಲ್ಲಿ ಮಾಡುತ್ತಾರೆ ಎಂದೆ. ಡಾಕ್ಟರಮ್ಮ ಹೇಳಿದ ಉಳಿದದ್ದನ್ನು ಹೇಳಲಿಲ್ಲ. ಅಲ್ಲಿಗೆ ನಿಲ್ಲಿಸಿದ್ದರೂ — ಇಲ್ಲ, ನಿಲ್ಲಿಸಲಿಲ್ಲ. ಅವಳು, “ಸೂಜಿ ತಾನೇ ಕಣೇ, ಬಾಯಿಗೆ ಹಾಕ್ಕೊಳಲ್ವಲ್ಲ?” ಎಂದಳು. ಅವಳೇ ದಾರಿ ಹುಡುಕಿಕೊಳ್ಳುತ್ತಿದ್ದಳು! ಆಗ ನಾನು ಆ ಮಾತು ಆಡಿದೆ.

“ನಿನ್ನಿಷ್ಟ ಅಕ್ಕ. ಆದ್ರೆ ಹರಕೆ ಮುರಿದು, ನಾಳೆ ನಮ್ಮ ಮೇಘಂಗೆ ಏನಾದ್ರೂ ಆದ್ರೆ?”

ನನಗೆ ಹರಕೆಯಲ್ಲಿ ನಂಬಿಕೆ ಇಲ್ಲ. ಯಾವತ್ತೂ ಇರಲಿಲ್ಲ. ನನ್ನ ಮಗಳು ಬದುಕಿದ್ದು ಡಾಕ್ಟರಿಂದ ಎಂದೇ ನಾನು ನಂಬಿದವಳು. ನಂಬುವವಳು ಅವಳು. ಅದು ಗೊತ್ತಿದ್ದೇ ಆಡಿದ ಮಾತು.

ಆ ಕಡೆ ತೋಟದಲ್ಲಿ ಗಿಳಿಗಳು ಕಿರುಚುವುದು ಕೇಳಿಸುತ್ತಿತ್ತು. ಆಮೇಲೆ, “ಬ್ಯಾಡ ಬಿಡು ಸುಜಾತ. ನೀವು ಹೋಗ್ಬನ್ನಿ” ಎಂದಳು. ಫೋನ್ ಇಟ್ಟಳು.

ನಾನು ಅದೇ ಕಾರಿಡಾರಿನಲ್ಲಿ ನಿಂತು ಶೈಲಜಳಿಗೆ ಫೋನ್ ಮಾಡಿದೆ.

ರಘುವಿಗೆ ‘ಅಕ್ಕ ಒಪ್ಪುತ್ತಿಲ್ಲ’ ಎಂದಷ್ಟೇ ಹೇಳಿದೆ. ಅವನು ನಂಬಿದ. ಯಾಕೆ ನಂಬಬಾರದು?

ನಾವು ಹೊರಡುವ ಹೊತ್ತಿಗೆ ಮೇಘಳಿಗೆ ಕಾಲೇಜು ನಡೆಯುತ್ತಿತ್ತು. ಎರಡನೇ ಪಿಯುಸಿ, ಬಿಟ್ಟು ಬರುವ ಹಾಗಿರಲಿಲ್ಲ. ಅವಳನ್ನು ನೋಡಿಕೊಳ್ಳಲು ಯಾರು ಬಂದರು ಹೇಳಿ? ರತ್ನಕ್ಕ. ನಾವು ಸಿಂಹ ನೋಡುವಾಗ ನನ್ನ ಮಗಳಿಗೆ ಮುದ್ದೆ ಮಾಡಿ ಹಾಕಿದವಳು ಅವಳು. ಬರುವಾಗ ನಮಗೆಂದು ಡಬ್ಬಿ ತುಂಬ ಹುರಿಹಿಟ್ಟು, ಮಾವಿನಕಾಯಿ ಉಪ್ಪಿನಕಾಯಿ ತಂದಿದ್ದಳು. ಆ ಹೊಸ ಸೂಟ್‌ಕೇಸನ್ನೂ ತಂದು, “ನೀನು ತಗೊಂಡು ಹೋಗು, ನಂಗ್ಯಾಕೆ” ಎಂದು ಕೊಟ್ಟಳು. ಡಬ್ಬಿ ಇಸಿದುಕೊಳ್ಳುವಾಗ ಅವಳ ಕೈ ಸೋಕಿತು. ಸುಡುತ್ತಿತ್ತು. ಏನಕ್ಕ ಮೈ ಬಿಸಿ ಇದೆ ಎಂದರೆ, “ಬಿಸಿಲು ಕಣೇ” ಅಂದಳು. ಮುಖವೂ ಬಾಡಿತ್ತು. ಬರಲಾಗಲಿಲ್ಲ ಎಂಬ ಕೋಪ ಇರಬೇಕು ಅಂದುಕೊಂಡೆ. ಅಂದುಕೊಂಡು ಡಬ್ಬಿಯನ್ನು ಅವಳ ಸೂಟ್‌ಕೇಸಿಗೇ ತುಂಬಿದೆ.

ಆ ಹುರಿಹಿಟ್ಟಿಗೆ ಮಸಾಯಿ ಮಾರಾದ ಬಯಲಿನಲ್ಲಿ ಎಲ್ಲರೂ ಕೈ ಚಾಚಿದರು. ಜೀಪಿನ ಡ್ರೈವರ್ ಕೂಡ. ಶೈಲಜ ಅದರದ್ದೂ ವಿಡಿಯೊ ಮಾಡಿದಳು.

ನದಿ ದಾಟುವುದನ್ನೂ ನೋಡಿದೆವು. ನೋಡಿದೆವು ಎನ್ನಲೇ? ದಡದಲ್ಲಿ ಅವು ಗುಂಪುಗುಂಪಾಗಿ ನಿಂತು, ಮುಂದೆ ಬಂದು, ಹಿಂದೆ ಸರಿದು, ಮತ್ತೆ ಬಂದು — ನಾನು ಆ ಹೊತ್ತಿನಲ್ಲಿ ಫೋನಿನೊಳಗೆ ನನ್ನ ಮುಖಕ್ಕೆ ಬೆಳಕು ಸರಿಯಾಗಿದೆಯೇ ನೋಡುತ್ತಿದ್ದೆ. “ಹಾರಿತು!” ಎಂದು ಯಾರೋ ಕೂಗಿದರು. ತಲೆ ಎತ್ತಿದರೆ ಆಗಲೇ ನದಿ ತುಂಬ ಪ್ರಾಣಿಗಳು. ಬಂದ ಮೇಲೆ ರತ್ನಕ್ಕ ಆ ವಿಡಿಯೊವನ್ನು ಮುಂದೆ ಹಿಂದೆ ಓಡಿಸಿ ಓಡಿಸಿ ನೋಡಿದಳು. “ಮೊದಲನೇದು ಯಾವ್ದು, ತೋರ್ಸೇ” ಎಂದಳು. ನನ್ನ ಹತ್ತಿರ ಇರಲಿಲ್ಲ.

ಇಷ್ಟಾದ ಮೇಲೂ ನಾನು ಆ ಮೊಟ್ಟೆ ಅಕ್ಕನ ಪೋಸ್ಟು ಹಾಕಿದೆ. ಹೆಸರು ಹಾಕಿರಲಿಲ್ಲ, ಆದರೆ ಫೋಟೊ ಹಾಕಿದ್ದೆ. ಅವಳು ಓದಿದಳೋ ಇಲ್ಲವೋ ಗೊತ್ತಿರಲಿಲ್ಲ. ಅವಳೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಎರಡು ವರ್ಷ ಹೋಯಿತು. ನಾನು ಚೆನ್ನಾಗಿಯೇ ಇದ್ದೆ, ಸುಳ್ಳು ಹೇಳುವುದಿಲ್ಲ. ಪಶ್ಚಾತ್ತಾಪ, ನಿದ್ದೆ ಬರದಿರುವುದು, ಅಂಥದ್ದೇನೂ ಇರಲಿಲ್ಲ. ಮೊನ್ನೆಯ ಆ ಮದುವೆಯ ತನಕ.

ಮುಳಬಾಗಿಲಿನಲ್ಲಿ ನೆಂಟರ ಮದುವೆ. ರಘುವಿಗೆ ಫ್ಯಾಕ್ಟರಿ ಇತ್ತು, ಮೇಘಳಿಗೆ ಪರೀಕ್ಷೆ. ನಾನು, ರತ್ನಕ್ಕ ಇಬ್ಬರೇ ಕಾರಿನಲ್ಲಿ ಹೋಗಿದ್ದೆವು. ಊಟದ ಪಂಕ್ತಿಯಲ್ಲಿ ಕೂತಿದ್ದಾಗ ಒಂದು ಹುಡುಗಿ ಬಂದಳು. ನನ್ನನ್ನು ನೋಡಿ ಅಲ್ಲ, ಅವಳನ್ನು ನೋಡಿ.

“ಆಂಟೀ, ನೀವು ಮೊಟ್ಟೆ ಅಕ್ಕ ಅಲ್ವಾ? ಒಂದು ಸೆಲ್ಫಿ ಪ್ಲೀಸ್!”

ಪಂಕ್ತಿಯವರೆಲ್ಲ ತಿರುಗಿದರು. ಯಾರೋ ಒಬ್ಬ, “ಓ, ಸಿಂಹ ಬಿಟ್ಟು ಮೊಟ್ಟೆಗೆ ಹೆದರ್ಕೊಂಡ್ರಲ್ಲಾ, ಅವರಾ?” ಎಂದ. ನಗು. ರತ್ನಕ್ಕನೂ ನಕ್ಕಳು. ಸೆರಗು ಸರಿ ಮಾಡಿಕೊಂಡು ಸೆಲ್ಫಿಗೆ ನಿಂತಳು. ಬಂದು ಕೂತು, ಎಲೆಯಲ್ಲಿದ್ದ ಒಬ್ಬಟ್ಟನ್ನು ನನ್ನ ಎಲೆಗೆ ಹಾಕಿದಳು. “ನಂಗೆ ಸಾಕು” ಎಂದಳು. ಒಬ್ಬಟ್ಟು ಬೇಡ ಎಂದದ್ದನ್ನು ನಾನು ಯಾವತ್ತೂ ನೋಡಿಲ್ಲ.

ವಾಪಸು ಕೋಲಾರಕ್ಕೆ ಹೊರಟೆವು. ರತ್ನಕ್ಕ ಮಾತಾಡದೆ ಕೂತರೆ ಕಾರು ದೊಡ್ಡದಾದ ಹಾಗೆ ಇರುತ್ತದೆ. ದೇವರಾಯಸಮುದ್ರದ ಕೆರೆ ಬಂತು. ನಾನು ಕಾರನ್ನು ಪಕ್ಕಕ್ಕೆ ಹಾಕಿ ನಿಲ್ಲಿಸಿದೆ. ಎಳನೀರಿಗೆ ಅಂದುಕೊಂಡಳೋ ಏನೋ, ಕೆಳಗಿಳಿದಳು. ಏರಿಯ ಮೇಲೆ ಹೋಗಿ ನಿಂತೆವು. ನೀರಿನಲ್ಲಿ ಎಮ್ಮೆಗಳಿದ್ದವು.

ಹೇಗೆ ಶುರು ಮಾಡುವುದು ಎಂದು ಗೊತ್ತಾಗಲಿಲ್ಲ. ಆಮೇಲೆ ಒಂದೇ ಉಸಿರಿಗೆ ಹೇಳಿದೆ. ಡಾಕ್ಟರಮ್ಮ ತೊಂದರೆ ಇಲ್ಲ ಎಂದಿದ್ದರು. ನಿನ್ನನ್ನು ಕಳಿಸಿದರೆ ತಾವೇ ತಿಳಿಸಿ ಹೇಳುವುದಾಗಿ ಅಂದಿದ್ದರು. ನಾನು ಮುಚ್ಚಿಟ್ಟೆ. ಶೈಲಜಳನ್ನು ಕರೆದುಕೊಂಡು ಹೋಗಬೇಕಿತ್ತು. ಮೇಘಳ ಹೆಸರು ಹೇಳಿದರೆ ನೀನು ಹಿಂದೆ ಸರಿಯುತ್ತೀಯ ಎಂದು ಗೊತ್ತಿತ್ತು, ಅದಕ್ಕೇ ಹೇಳಿದೆ.

ಬೈಗುಳಕ್ಕೆ ತಯಾರಾಗಿ ನಿಂತಿದ್ದೆ. ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು.

“ಏನಂದೆ? ಇನ್ನೊಂದ್ಸಲ ಹೇಳು.”

“ಏನನ್ನ?”

“ಡಾಕ್ಟ್ರು ಏನಂದ್ರು ಅದನ್ನ ಹೇಳು.”

“ತಿನ್ನೋದು ಬೇರೆ, ಸೂಜಿ ಬೇರೆ, ತೊಂದ್ರೆ ಇಲ್ಲ ಅಂದ್ರು.”

“ಹಂಗಾದ್ರೆ ಹರಕೆ ಮುರೀಲಿಲ್ವಾ?”

“ಮುರಿಯೋದೆಲ್ಲಿ ಬಂತು ಅಕ್ಕ? ನೀನು ಸೂಜಿ ಹಾಕ್ಸಿಕೊಳ್ಳಲೇ ಇಲ್ವಲ್ಲ.”

ರತ್ನಕ್ಕ ತನ್ನ ಎಡಗೈ ತೋಳನ್ನು ಹಿಡಿದುಕೊಂಡಳು. “ಹಾಕಿಸ್ಕಂಡೆ ಕಣೇ” ಎಂದಳು.

ನನಗೆ ಅರ್ಥವಾಗಲಿಲ್ಲ. ಅವಳೇ ಹೇಳಿದಳು. ನನ್ನ ಫೋನು ಬಂದ ಮೇಲೆ ಗಂಗಮ್ಮನ ಗುಡಿಗೆ ಹೋದಳಂತೆ. ನಮ್ಮ ಕಡೆ ಅಪ್ಪಣೆ ಕೇಳುವ ಪದ್ಧತಿ ಇದೆ. ದೇವರ ಎರಡೂ ಭುಜದ ಮೇಲೆ ಹೂವಿಡುತ್ತಾರೆ, ಬಲಗಡೆಯದು ಮೊದಲು ಬಿದ್ದರೆ ಮಾಡು ಎಂದರ್ಥ, ಎಡಗಡೆಯದು ಬಿದ್ದರೆ ಬೇಡ ಎಂದರ್ಥ. ಸೂಜಿ ಹಾಕಿಸಿಕೊಳ್ಳಲೇ ಎಂದು ಕೇಳಿದಳಂತೆ. ಬಲಗಡೆ ಬಿತ್ತು. ಅನ್ವರ್ ಸಾಬರು ಮಾವಿನ ಲೋಡಿನ ಜೊತೆ ಬೆಂಗಳೂರಿಗೆ ಹೊರಟಿದ್ದರು. ಆ ಲಾರಿಯಲ್ಲೇ ಕೂತು ಹೋದಳು. ಸಾಬರೇ ಆಸ್ಪತ್ರೆಯ ಬಾಗಿಲಲ್ಲಿ ಕಾದಿದ್ದು ಕರೆತಂದರು.

“ಅಲ್ಲಿ ಡಾಕ್ಟ್ರನ್ನ ಕೇಳ್ಲಿಲ್ವಾ ಅಕ್ಕ?”

“ಏನಂತ ಕೇಳ್ಲಿ? ಗಂಗಮ್ಮನ್ನೇ ಕೇಳಿದ್ನಲ್ಲ. ಅಲರ್ಜಿ ಐತಾ ಅಂದ್ರು, ಇಲ್ಲ ಅಂದೆ. ಚುಚ್ಚಿದ್ರು.” ತೋಳು ಸವರಿಕೊಂಡು, “ನಿಂಗೆ ಆಶ್ಚರ್ಯ ಆಗ್ಲಿ ಅಂತ ಮೊದ್ಲೇ ಹೇಳಿರ್ಲಿಲ್ಲ. ಬಂದು ನಿಮ್ಮನೆಗೆ ಫೋನ್ ಮಾಡ್ದೆ. ಮೇಘ ಎತ್ಕಂಡ್ಳು. ಶೈಲಜ ಆಂಟಿ ಬರ್ತಾವ್ರೆ ಅತ್ತೆ, ಟಿಕೆಟ್ ಆಯ್ತು ಅಂದ್ಳು” ಎಂದಳು.

ಡಬ್ಬಿ ಕೊಡುವಾಗ ಸುಡುತ್ತಿದ್ದ ಆ ಕೈ. ಬಿಸಿಲು ಅಂದಿದ್ದಳು.

ನಾನು ಅಳಲು ಶುರು ಮಾಡಿದೆ. ಅವಳು ಅಳಲಿಲ್ಲ. ಅವಳ ಲೆಕ್ಕ ಬೇರೆಯೇ ಇತ್ತು.

“ಅದೆಲ್ಲಾ ಇರ್ಲಿ. ಹೋದ ವರ್ಷ ಮೇಘ ಸ್ಕೂಟರಿಂದ ಬಿದ್ದು ಕೈ ಮುರ್ಕಂಡ್ಳಲ್ಲ.”

“ಹೂಂ.”

“ಅದು ನನ್ನಿಂದ ಅಲ್ವಾ ಹಂಗಾದ್ರೆ?”

ಕೇಳಿದಿರಾ? ಮಗಳ ಕೈ ಮುರಿದಾಗ ರತ್ನಕ್ಕ ಬರಿಗಾಲಿನಲ್ಲಿ ಗುಡಿಗೆ ಹೋಗಿದ್ದು, ಸೋಮವಾರ ಸೋಮವಾರ ಉಪವಾಸ ಹಿಡಿದದ್ದು ನನಗೆ ಗೊತ್ತಿತ್ತು. ಪ್ರೀತಿಗೆ ಅಂದುಕೊಂಡಿದ್ದೆ. ಆ ಮಗುವಿಗೆ ನೆಗಡಿಯಾದರೂ, ಪರೀಕ್ಷೆಯಲ್ಲಿ ಅಂಕ ಕಡಿಮೆಯಾದರೂ ಇವಳು ಒಳಗೊಳಗೇ, ನನ್ನ ಸೂಜಿಯಿಂದ, ನನ್ನ ಆಸೆಯಿಂದ ಎಂದು — ಎರಡು ವರ್ಷ! ಯಾರಿಗೂ ಹೇಳದೆ! ನಾನು ಫೋನಿನಲ್ಲಿ ಆಡಿ ಮರೆತ ಒಂದು ಮಾತನ್ನು ಅವಳು ದಿನಾ ಹೊತ್ತುಕೊಂಡು ತಿರುಗಿದ್ದಾಳೆ.

“ಅಲ್ಲ ಅಕ್ಕ. ಅದು ಟೇಕಲ್ ರಸ್ತೆ ಗುಂಡಿಯಿಂದ.”

“ದೇವರಾಣೆಗೂ?”

“ಮೇಘನಾಣೆಗೂ” ಎನ್ನಲು ಹೋಗಿ ನಾಲಿಗೆ ಕಚ್ಚಿಕೊಂಡೆ. “ನನ್ನಾಣೆಗೂ” ಎಂದೆ.

“ಆದ್ರೆ ಹೂವು ಬಲಗಡೆ ಬಿದ್ದಿತ್ತಲ್ಲ, ಮತ್ಯಾಕೆ ಹೆದರಿಕೊಂಡೆ?” ಎಂದು ಕೇಳಿದೆ.

ರತ್ನಕ್ಕ ಆ ಕಡೆ ಈ ಕಡೆ ನೋಡಿ, ಯಾರಾದರೂ ಕೇಳಿಸಿಕೊಂಡಾರು ಎನ್ನುವ ಹಾಗೆ ಮೆಲ್ಲಗೆ ಹೇಳಿದಳು: “ಪೂಜಾರಪ್ಪ ಫ್ಯಾನ್ ಹಾಕಿದ್ದ ಕಣೇ. ಸೆಕೆ ಅಂತ. ಆವಾಗ ನಾನೂ ಸುಮ್ನಿದ್ದೆ, ಹೋಗ್ಬೇಕೂಂತ ಆಸೆ ಇತ್ತಲ್ಲ. ಆಮೇಲೆ ಶುರುವಾಯ್ತು. ಅಮ್ಮ ಬೀಳ್ಸಿದ್ಳೋ, ಫ್ಯಾನ್ ಬೀಳ್ಸಿತೋ?”

ನನಗೆ ಅಳುವಿನ ನಡುವೆಯೇ ನಗು ಬಂತು. ಅವಳಿಗೂ ಬಂತು. ಸೆರಗನ್ನು ಬಾಯಿಗೆ ಒತ್ತಿಕೊಂಡು ನಕ್ಕಳು, ಉಸಿರು ಹಿಡಿಯಲಾಗದೆ ಏರಿಯ ಕಲ್ಲಿನ ಮೇಲೆ ಕೂತು ನಕ್ಕಳು. ಎರಡು ವರ್ಷದಿಂದ ಹೆಗಲ ಮೇಲಿದ್ದ ಮೂಟೆಯನ್ನು ಇಳಿಸಿದವರು ಹೀಗೇ ಇರುತ್ತಾರೇನೋ. ಅವಳ ಭುಜಗಳು ಅಷ್ಟು ಕೆಳಗಿಳಿದದ್ದನ್ನು ನಾನು ಬಹಳ ದಿನದಿಂದ ನೋಡಿರಲಿಲ್ಲ. ನೋಡಿರಲಿಲ್ಲ ಎಂಬುದೂ ಆಗಲೇ ಗೊತ್ತಾದದ್ದು.

ನಗು ನಿಂತ ಮೇಲೆ ಬೈಗುಳ ಬಂತು. ರತ್ನಕ್ಕನಿಗೆ ನಿಜವಾದ ಸಿಟ್ಟು ಬಂದರೆ ತೆಲುಗೇ ಬರುವುದು. “ನೀ ಮೊಹಂ ಮಂಡ” ಎಂದು ಶುರು ಮಾಡಿ, ನನ್ನ ಮುಖಕ್ಕೆ ಬೆಂಕಿ ಇಟ್ಟು, ಎಮ್ಮೆ ಕಾಯುವ ಹುಡುಗಿಯರು ತಿರುಗಿ ನೋಡುವವರೆಗೂ ಬೈದಳು. ಕೊನೆಗೆ ಕನ್ನಡಕ್ಕೆ ಬಂದು ನಿಂತಳು.

“ನಾನು ಬರೋದು ಬ್ಯಾಡ ಅಂದಿದ್ರೆ ಬ್ಯಾಡ ಅನ್ಬೇಕಿತ್ತು. ಎರಡು ದಿನ ಮೊಕ ಊದಿಸ್ಕಂಡು ಸುಮ್ನಾಗ್ತಿದ್ದೆ. ಮೊಟ್ಟೆ ಅಕ್ಕ ಅಂದ್ಯಲ್ಲ, ಅದುನ್ನೂ ಬಿಡ್ತೀನಿ. ಮಗೂ ಹೆಸರು ಯಾಕೆ ಎತ್ತಿದೆ?”

ನಾನು ಫೋನ್ ತೆಗೆದು ಆ ಪೋಸ್ಟು ಹುಡುಕಿದೆ.

“ಪೋಸ್ಟ್ ತೆಗೆದುಹಾಕ್ತೀನಿ ಅಕ್ಕ.”

“ತೆಗೀಬ್ಯಾಡ. ತೆಗುದ್ರೆ ಯಾರಿಗೆ ಗೊತ್ತಾಗ್ತದೆ? ನೀನು ಏನು ಮಾಡ್ದೆ ಅದನ್ನ ಬರಿ. ನನ್ನ ಹೆಸರಿಟ್ಟು ಬರಿ. ಮುನಿರತ್ನಮ್ಮ ಅಂತ. ಸೂಜಿ ಹಾಕಿಸ್ಕಂಡವ್ಳೆ ಅಂತ.”

ಬರೆದಿದ್ದೇನೆ. ಅವಳ ಹೆಸರು ಮುನಿರತ್ನಮ್ಮ. ಅವಳು ಮೊಟ್ಟೆಗೆ ಹೆದರಲಿಲ್ಲ. ದೇವರನ್ನು ಕೇಳಿ, ಮಾವಿನ ಲಾರಿ ಹತ್ತಿ, ನಮ್ಮಲ್ಲಿ ಯಾರನ್ನೂ ಕಾಯದೆ ಹೋಗಿ ಲಸಿಕೆ ಹಾಕಿಸಿಕೊಂಡವಳು.

ಕಾರಿಗೆ ಹತ್ತುವಾಗ ನಾನು ಇನ್ನೊಂದು ವಿಷಯ ಹೇಳಿದೆ. ಆ ಲಸಿಕೆ ಒಂದು ಸಲ ಹಾಕಿಸಿಕೊಂಡರೆ ಸಾಕು, ಜೀವಮಾನವಿಡೀ ನಡೆಯುತ್ತದೆ.

“ಅಂದ್ರೆ?”

“ಅಂದ್ರೆ ನೀನು ಈಗ್ಲೂ ಹೋಗ್ಬೋದು.”

ಸೀಟ್‌ಬೆಲ್ಟು ಹಾಕಿಕೊಳ್ಳುತ್ತಿದ್ದವಳು ಕೈ ನಿಲ್ಲಿಸಿದಳು. ಎರಡು ವರ್ಷದ ಹಿಂದೆ ರಘುವನ್ನು ಕೇಳಿದ ಅದೇ ದನಿಯಲ್ಲಿ ಕೇಳಿದಳು, “ಯಾವಾಗ?”

ಈಗ ನಮ್ಮ ಮನೆಯಲ್ಲಿ ಮತ್ತೆ ಸಫಾರಿಯ ತಯಾರಿ ನಡೆದಿದೆ. ಈ ಸಲ ತಾರೀಕು ಅವಳು ಹೇಳಿದ್ದು. ಎಲ್ಲಕ್ಕಿಂತ ಕೊನೆಗೆ ಬರುವ ನೀಲಂ ಮಾವು ಮುಗಿಯುವ ಹೊತ್ತಿಗೆ. ಜೊತೆಗೆ ಮೇಘ ಬರಬೇಕು ಎಂಬುದು ಅವಳ ಮೊದಲ ಷರತ್ತು. ನದಿಯ ದಡದಲ್ಲಿ ಕಾಯಲು ಒಂದು ದಿನ ಹೆಚ್ಚಿಗೆ ಇರಬೇಕು ಎಂಬುದು ಎರಡನೆಯದು. “ಮೊದಲನೇದು ಹಾರೋವರ್ಗೂ ನಾನು ಅಲ್ಲಿಂದ ಕದಲಲ್ಲ, ಟೂರಿನೋರಿಗೆ ಈಗ್ಲೇ ಹೇಳ್ಬಿಡು” ಎಂದಿದ್ದಾಳೆ. ಹೇಳಿದ್ದೇನೆ. ಸೂಟ್‌ಕೇಸನ್ನು ತೊಳೆದು, ಒಣಗಿಸಿ, ಅವಳ ಮನೆಗೆ ವಾಪಸು ಕಳಿಸಿದ್ದೇನೆ.

ನಾನು ಹೋಗುತ್ತೇನೋ ಇಲ್ಲವೋ, ಅದೊಂದು ತೀರ್ಮಾನವಾಗದೆ ಉಳಿದಿತ್ತು. ನಾನು ಕೇಳಲಿಲ್ಲ. ಕೇಳುವ ಮುಖ ಇರಲಿಲ್ಲ. “ಅದುನ್ನ ನಾನು ಹೇಳಲ್ಲ, ಅಮ್ಮನ್ನ ಕೇಳ್ತೀನಿ” ಎಂದಿದ್ದಳು ರತ್ನಕ್ಕ.

ನಿನ್ನೆ ಮೇಘಳನ್ನು ಲಸಿಕೆಗೆ ಕರೆದುಕೊಂಡು ಹೋಗಿದ್ದೆ. ಅದೇ ಆಸ್ಪತ್ರೆ, ಅದೇ ಕಾರಿಡಾರು. ಮೇಘ ಒಳಗೆ ಹೋಗಿ ತೋಳು ಒತ್ತಿಕೊಂಡು ಹೊರಗೆ ಬಂದಳು. ನಾನು ಅವತ್ತು ನಿಂತಿದ್ದ ಜಾಗದಲ್ಲೇ ನಿಂತು ರತ್ನಕ್ಕನಿಗೆ ಫೋನ್ ಮಾಡಿದೆ.

“ಆಯ್ತು ಅಕ್ಕ. ಚುಚ್ಚಿದ್ರು. ಮಗು ಚೆನ್ನಾಗವಳೆ.”

“ಚೆನ್ನಾಗೇ ಇರ್ತಾಳೆ ಬಿಡು. ಸ್ವಲ್ಪ ಮೈ ಬಿಸಿ ಆಗ್ತದೆ, ಹೆದರ್ಕೋಬ್ಯಾಡ.”

ಹಿಂದೆ ಅದೇ ಗಿಳಿಗಳ ಕಿರುಚಾಟ. ಅವಳೇ ಮಾತು ಮುಂದುವರಿಸಿದಳು.

“ಗುಡಿಗೆ ಹೋಗಿದ್ದೆ ಕಣೇ. ನಿನ್ನ ಕರ್ಕೊಂಡು ಹೋಗ್ಲಾ ಅಂತ ಕೇಳ್ದೆ. ಪೂಜಾರಪ್ಪನಿಗೆ ಹೇಳಿ ಮೊದ್ಲು ಫ್ಯಾನ್ ಆರಿಸ್ದೆ.”

“ಎಲ್ಲಿ ಬಿತ್ತು?”

“ಎಡಗಡೆ” ಎಂದಳು. ನಗು ತಡೆದುಕೊಂಡು ಹೇಳುತ್ತಿದ್ದಳು, ಗೊತ್ತಾಗುತ್ತಿತ್ತು. “ನೀನು ತೋಟ ನೋಡ್ಕೋ.”

“ಸರಿ ಅಕ್ಕ” ಎಂದೆ. ಈ ಸಲ ಡಬ್ಬಿ ತುಂಬಿ ಕೊಡುವವಳು ನಾನು; ಹುರಿಹಿಟ್ಟಿಗೆ ರಾಗಿಯನ್ನು ಎಷ್ಟು ಹೊತ್ತು ಹುರಿಯಬೇಕು ಎಂದು ಕೇಳಿದೆ. ಹೇಳಿಕೊಟ್ಟಳು.